ಕುದುರೆಮುಖದಲ್ಲಿ ನಮ್ಮನ್ನು ಎಣಿಸದೆ ಇಳಿದು ಹೋದ ಬಗ್ಗೆ ದೂರು

ಬೆಂಗಳೂರು
24 ನವೆಂಬರ್ 2025

ಗೆ,
ವ್ಯವಸ್ಥಾಪಕರು,
ವಾರಾಂತ್ಯದ ಚಾರಣ ನಡೆಸುವ ಸಂಸ್ಥೆ,
ಬೆಂಗಳೂರು

ವಿಷಯ: ನವೆಂಬರ್ 14ರ ರಾತ್ರಿ ಹೊರಟ ಕುದುರೆಮುಖ ಟ್ರೆಕ್‌ನಲ್ಲಿ ಕಾಲು ಉಳುಕಿದ ಗೆಳತಿಯನ್ನೂ ನಮ್ಮನ್ನೂ ಬೆಟ್ಟದಲ್ಲೇ ಬಿಟ್ಟು ಹೋದದ್ದು

ಮಾನ್ಯರೇ,

ನಿಮ್ಮ ಕುದುರೆಮುಖ ಟ್ರೆಕ್‌ಗೆ ಆರು ಜನರ ಬುಕಿಂಗ್ ಮಾಡಿದವಳು ನಾನು. ತಲೆಗೆ 4,200 ರೂಪಾಯಿಯಂತೆ ಒಟ್ಟು 25,200 ರೂಪಾಯಿ ಕಟ್ಟಿದ್ದೆ. ನಾವು ಆರೂ ಜನ ಕಾಲೇಜಿನ ದಿನಗಳಿಂದ ಸ್ನೇಹಿತರು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದೇವೆ. ಹುಬ್ಬಳ್ಳಿಯಿಂದ ಒಬ್ಬಳು, ಮೈಸೂರಿನಿಂದ ಇಬ್ಬರು ರಜೆ ಹಾಕಿ ಬಂದಿದ್ದರು. ನಾಲ್ಕು ವರ್ಷ ಆದಮೇಲೆ ಎಲ್ಲರೂ ಒಟ್ಟಿಗೆ ಸಿಕ್ಕಿದ್ದು ಅವತ್ತೇ.

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಮೆಜೆಸ್ಟಿಕ್‌ನಿಂದ ಹೊರಡಬೇಕಿದ್ದ ಬಸ್ ಹೊರಟಿದ್ದು ಹನ್ನೆರಡಕ್ಕೆ. ಸೀಟು ಭರ್ತಿಯಾಗಲಿ ಅಂತ ಕಾಯಿಸಿದರು. ಬಸ್ ತಡವಾಗುವುದು ಹೊಸದೇನಲ್ಲ, ಸುಮ್ಮನಿದ್ದೆವು. ಆದರೆ ಆ ಎರಡೂವರೆ ಗಂಟೆ ಮುಂದೆ ಎಲ್ಲದಕ್ಕೂ ಕಾರಣವಾಯಿತು. ಸಂಸೆ ಹತ್ತಿರದ ಹೋಮ್‌ಸ್ಟೇ ತಲುಪಿದಾಗ ಎಂಟೂವರೆ ದಾಟಿತ್ತು. 44 ಜನಕ್ಕೆ ಎರಡು ಬಾತ್‌ರೂಮ್. ತಿಂಡಿ ಮುಗಿಸಿ, ಜೀಪ್ ಹತ್ತಿ ಮುಳ್ಳೋಡಿಗೆ ಬಂದು ನಡೆಯಲು ಶುರು ಮಾಡಿದಾಗ ಹತ್ತು ಐವತ್ತು. ಹೋಗಿ ಬರುವುದು ಸೇರಿ ಸುಮಾರು 20 ಕಿಲೋಮೀಟರ್ ನಡಿಗೆ. ಗೇಟಿನಲ್ಲಿದ್ದ ಫಾರೆಸ್ಟ್ ಗಾರ್ಡ್ ಗಡಿಯಾರ ನೋಡಿ, "ಎಲ್ಲೇ ಇರಿ, ಎರಡು ಗಂಟೆಗೆ ವಾಪಸ್ ತಿರುಗಿಬಿಡಿ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಹೋಮ್‌ಸ್ಟೇಯವರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅಷ್ಟು ಜನಕ್ಕೆ ಬಿಸಿ ಬಿಸಿ ನೀರುದೋಸೆ ಹಾಕಿಕೊಟ್ಟರು. ಈ ಪತ್ರದ ನೆಪದಲ್ಲಿ ಅವರಿಗೆ ಕೊಡಬೇಕಾದ ದುಡ್ಡು ದಯವಿಟ್ಟು ಮುರಿಯಬೇಡಿ.

ಬೆಟ್ಟ ತುಂಬಾ ಚೆನ್ನಾಗಿತ್ತು. ಹಳ್ಳಗಳಲ್ಲಿ ಇನ್ನೂ ನೀರಿತ್ತು. ನೆರಳಿರುವ ಕಡೆ ಇಂಬಳವೂ ಇತ್ತು. ಒಂಟಿಮರ ದಾಟಿದ ಮೇಲೆ ಹುಲ್ಲುಗಾವಲು ತೆರೆದುಕೊಂಡಿತು. ಎರಡು ಗುಡ್ಡ ಕೂಡುವ ಸಂದಿಯಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು, ಉಳಿದದ್ದೆಲ್ಲ ಹುಲ್ಲು. 1,894 ಮೀಟರ್‌ನ ತುದಿ ಕಣ್ಣೆದುರೇ ಇತ್ತು. ಎರಡು ಗಂಟೆಗೆ ನಿಮ್ಮ ಲೀಡ್, ಅಂದರೆ ಗುಂಪನ್ನು ನಡೆಸುವವರು, ವಿಸಿಲ್ ಊದಿ ಎಲ್ಲರನ್ನೂ ತಿರುಗಿಸಿದರು. ತುದಿ ಮುಟ್ಟಲಾಗದ ಬೇಸರ ನಮ್ಮೆಲ್ಲರಿಗೂ ಇತ್ತು. ಆದರೂ ತಿರುಗಿಸಿದ್ದು ತಪ್ಪಲ್ಲ ಅಂತಲೇ ನಾನು ಹೇಳುತ್ತೇನೆ.

ತಪ್ಪಾಗಿದ್ದು ಅಲ್ಲಿಂದ ಮುಂದೆ. ನಿಮ್ಮ ಇಬ್ಬರೂ ಲೀಡ್‌ಗಳು ಜೋರಾಗಿ ನಡೆಯುವವರ ಜೊತೆ ಸೇರಿ ಮುಂದೆ ಇಳಿದುಬಿಟ್ಟರು. ಬುಕಿಂಗ್ ಮಾಡುವಾಗ ನೀವು ಕಳಿಸಿದ ವಿವರದಲ್ಲಿ ಹದಿನೈದು ಜನಕ್ಕೊಬ್ಬ ಲೀಡ್, ಗುಂಪಿನ ಕೊನೆಯಲ್ಲಿ ಒಬ್ಬ ಸ್ವೀಪ್ ಇರುತ್ತಾರೆ ಅಂತ ಬರೆದಿತ್ತು. ಅವತ್ತು 44 ಜನಕ್ಕೆ ಇದ್ದವರು ಇಬ್ಬರೇ. ಅದರಲ್ಲಿ ಒಬ್ಬ ಹುಡುಗ ಈ ಬೆಟ್ಟಕ್ಕೆ ಬಂದಿದ್ದೇ ಮೊದಲ ಸಲವಂತೆ, ತಾನೇ ನಮಗೆ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ದಾರಿ ಗೊತ್ತಿಲ್ಲದವನನ್ನು ಕಳಿಸಿದವರು ನೀವು.

ಎರಡು ನಲವತ್ತರ ಹೊತ್ತಿಗೆ ಸಡಿಲ ಕಲ್ಲಿನ ಇಳಿಜಾರಿನಲ್ಲಿ ನಮ್ಮ ಹುಬ್ಬಳ್ಳಿ ಗೆಳತಿಯ ಕಾಲು ಜಾರಿತು. ಬಲಗಾಲಿನ ಹರಡು ಪೂರ್ತಿ ತಿರುಗಿಹೋಯಿತು. ಐದೇ ನಿಮಿಷದಲ್ಲಿ ಊದಿಕೊಂಡು ಶೂ ಬಿಚ್ಚಲೂ ಆಗಲಿಲ್ಲ. ನಮ್ಮ ಹಿಂದೆ ಯಾರಾದರೂ ಬರಬಹುದು ಅಂತ ನೋಡಿದೆವು. ಯಾರೂ ಇರಲಿಲ್ಲ. ಕೂಗಿದೆವು. ಫೋನಿನಲ್ಲಿ ಸಿಗ್ನಲ್ ಇಲ್ಲ. ಇಬ್ಬರು ಸ್ನೇಹಿತರು ಓಡೋಡಿ ಕೆಳಗೆ ಹೋದರು. ಅರ್ಧ ಗಂಟೆ ಇಳಿದ ಮೇಲೆ ನಿಮ್ಮ ಹಿರಿಯ ಲೀಡ್ ಸಿಕ್ಕಿದ್ದಾರೆ. ಅವರು ಹೇಳಿದ್ದು ಇಷ್ಟು: "ಹೌದಾ? ನಿಧಾನಕ್ಕೆ ಕರ್ಕೊಂಡ್ ಬನ್ನಿ. ನಾವು ಇವರನ್ನ ಜೀಪಿಗೆ ಬಿಡ್ಬೇಕು." ಫಸ್ಟ್ ಏಡ್ ಡಬ್ಬಿ ಕೇಳಿದರೆ ಅದು ಬಸ್ಸಿನಲ್ಲಿದೆ ಅಂದರಂತೆ. ಬಸ್ಸು ಹೋಮ್‌ಸ್ಟೇಯಲ್ಲಿತ್ತು.

ಆ ಇಬ್ಬರೂ ಬರಿಗೈಲಿ ಮತ್ತೆ ಗುಡ್ಡ ಹತ್ತಿ ನಮ್ಮ ಹತ್ತಿರ ಬಂದರು. ಅಷ್ಟೊತ್ತಿಗೆ ನಾಲ್ಕು ಗಂಟೆ. ದುಪಟ್ಟಾ ಹರಿದು ಕಾಲಿಗೆ ಬಿಗಿಯಾಗಿ ಕಟ್ಟಿದೆವು. ಇಬ್ಬರು ಅವಳ ಹೆಗಲಿಗೆ ಹೆಗಲು ಕೊಟ್ಟು ಹೊರಟೆವು. ಕಾಲುದಾರಿ ಒಬ್ಬರು ನಡೆಯುವಷ್ಟೇ ಅಗಲ. ಇಬ್ಬರು ಆಧಾರ ಕೊಡುವುದಕ್ಕೆ ಜಾಗವೇ ಇಲ್ಲ. ಕೆಲವು ಕಡೆ ಅವಳು ಕೂತುಕೊಂಡೇ ಜಾರಿ ಇಳಿದಳು. ಒಂದು ಸಲವೂ ಅಳಲಿಲ್ಲ. ಅವಳು ಸುಮ್ಮನಿದ್ದಷ್ಟೂ ನನಗೆ ಜಾಸ್ತಿ ಭಯವಾಗುತ್ತಿತ್ತು.

ಆರು ಗಂಟೆಗೆ ಸೂರ್ಯ ಮುಳುಗಿತು. ಇನ್ನು ಸ್ವಲ್ಪ ಹೊತ್ತಿಗೆ ಕಾಡಿನೊಳಗೆ ಏನೂ ಕಾಣಿಸದಂತಾಯಿತು. ಎರಡು ಮೊಬೈಲ್‌ನಲ್ಲಿ ಮಾತ್ರ ಚಾರ್ಜ್ ಇತ್ತು. ಇದು 1987ರಿಂದ ರಾಷ್ಟ್ರೀಯ ಉದ್ಯಾನ, ಕಾಟಿಯೂ ಚಿರತೆಯೂ ಓಡಾಡುವ ಜಾಗ. ಕತ್ತಲಾದ ಮೇಲೆ ಅಲ್ಲಿ ಯಾರೂ ಇರಬಾರದು ಅನ್ನುವ ನಿಯಮ ಸುಮ್ನೆ ಮಾಡಿದ್ದಲ್ಲ ಅಲ್ವಾ?

ಆರೂ ಮುಕ್ಕಾಲಿಗೆ ಕೆಳಗಿನಿಂದ ಟಾರ್ಚ್ ಬೆಳಕು ಕಂಡಿತು. ಬಂದವರು ನಿಮ್ಮವರಲ್ಲ. ಇಬ್ಬರು ಫಾರೆಸ್ಟ್ ವಾಚರ್‌ಗಳು, ಜೊತೆಗೆ ಬೆಳಿಗ್ಗೆ ನಮ್ಮನ್ನು ಮೇಲಕ್ಕೆ ಕರೆತಂದ ಜೀಪ್ ಡ್ರೈವರ್. "ಬೆಳಿಗ್ಗೆ ನನ್ ಗಾಡೀಲಿ ಹನ್ನೊಂದು ಜನ ಹತ್ತಿದ್ರು. ಸಂಜೆ ಐದೇ ಜನ ಬಂದ್ರು. ಅದಕ್ಕೇ ಗೇಟಲ್ಲಿ ಹೇಳಿ ಬಂದೆ ಅಕ್ಕ, ಹೆದರ್ಬೇಡಿ" ಅಂದರು ಆ ಡ್ರೈವರ್. ಅವರೇ ಅವಳನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಿದರು. ಗೇಟು ತಲುಪಿದಾಗ ಎಂಟು ಗಂಟೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಹೋಮ್‌ಸ್ಟೇಗೆ ಬಂದಾಗ ಕ್ಯಾಂಪ್‌ಫೈರ್ ಶುರುವಾಗಿತ್ತು. ನಿಮ್ಮ ಲೀಡ್ ಎದ್ದು ಬಂದು "ಬಂದ್ರಾ?" ಅಂತ ಕೇಳಿದರು. ಆ ಒಂದು ಮಾತು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಭಾನುವಾರ ಕಳಸದಲ್ಲಿ ಡಾಕ್ಟರ್‌ಗೆ ತೋರಿಸಿದೆವು. ಸೋಮವಾರ ಬೆಂಗಳೂರಿನಲ್ಲಿ ಎಕ್ಸ್‌ರೇ ಆಯಿತು. ಮೂಳೆ ಮುರಿದಿಲ್ಲ, ಲಿಗಮೆಂಟ್‌ಗೆ ಪೆಟ್ಟಾಗಿದೆ. ಉಳುಕಿದ ಕಾಲಿನ ಮೇಲೆ ಅಷ್ಟು ದೂರ ನಡೆದದ್ದಕ್ಕೆ ಊತ ಹೆಚ್ಚಾಗಿದೆ ಅಂದರು ಡಾಕ್ಟರ್. ಮೂರು ವಾರ ಕಾಲು ಊರುವಂತಿಲ್ಲ.

ಮಂಗಳವಾರ ನಿಮಗೆ ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆದೆ. "ಟ್ರೆಕ್ಕಿಂಗ್ ಅಂದ್ಮೇಲೆ ಇದೆಲ್ಲ ಇದ್ದದ್ದೇ ಮೇಡಂ, ನೀವು ಫಾರ್ಮ್‌ಗೆ ಸಹಿ ಮಾಡಿದ್ದೀರಿ" ಅಂತ ಉತ್ತರ ಬಂತು. ಸಹಿ ಮಾಡಿದ್ದು ನಿಜ. ಬೆಟ್ಟದಲ್ಲಿ ಕಾಲು ಜಾರಬಹುದು, ಮಳೆ ಬರಬಹುದು, ಇಂಬಳ ಹತ್ತಬಹುದು. ಅದಕ್ಕೆಲ್ಲ ಒಪ್ಪಿಯೇ ಬಂದಿದ್ದೆವು. ಕಾಲು ಉಳುಕಿದ್ದಕ್ಕೆ ನಿಮ್ಮನ್ನು ದೂರುತ್ತಿಲ್ಲ. ಉಳುಕಿದೆ ಅಂತ ಗೊತ್ತಾದ ಮೇಲೂ ನಿಮ್ಮ ಲೀಡ್ ವಾಪಸ್ ಬರಲಿಲ್ಲ. ಗೇಟಿನಲ್ಲಿ ತಲೆ ಎಣಿಸಲಿಲ್ಲ. ಆ ಫಾರ್ಮ್‌ನಲ್ಲಿ ಇದಕ್ಕೆ ನಾವು ಸಹಿ ಹಾಕಿಲ್ಲ.

ನಾನು ಕೊಪ್ಪದ ಕಡೆಯವಳು. ಚಿಕ್ಕವಳಿದ್ದಾಗ ದೊಡ್ಡವರ ಜೊತೆ ಗುಡ್ಡಕ್ಕೆ ಸೊಪ್ಪಿಗೆ ಹೋಗುತ್ತಿದ್ದೆ. ವಾಪಸ್ ಬರುವಾಗ ಅಪ್ಪ ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದರು. ಮಕ್ಕಳು, ಹೊರೆ ಹೊತ್ತವರು ಎಲ್ಲ ಮುಂದೆ ಹೋಗಬೇಕು. ಬೇಲಿ ದಾಟುವ ಕಡೆ ನಿಂತು ಅಪ್ಪ ಒಬ್ಬೊಬ್ಬರನ್ನೇ ಎಣಿಸುತ್ತಿದ್ದರು. ಅದಕ್ಕೆ ಅವರು ಯಾರಿಂದಲೂ ದುಡ್ಡು ತೆಗೆದುಕೊಂಡಿರಲಿಲ್ಲ.

ನಿಮ್ಮವರಿಗೆ ಎಣಿಸಲು ಬರುವುದಿಲ್ಲ ಅಂತಲ್ಲ. ಮೆಜೆಸ್ಟಿಕ್‌ನಲ್ಲಿ ಸೀಟು ಭರ್ತಿಯಾಗುವವರೆಗೆ ಮೂರು ಸಲ ಎಣಿಸಿದ್ದರು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಂದೇ ಸಲ ಸಾವಿರಾರು ಜನ ಸೇರಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಾದ ಮೇಲೆಯೇ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟಿದ್ದು. ಮೇಲೆ ಹೋಗುವವರನ್ನು ಇಲಾಖೆ ಲೆಕ್ಕ ಹಾಕಿ ಬಿಡುತ್ತದೆ. ನಮ್ಮನ್ನು ಕರೆದುಕೊಂಡು ಹೋದ ನೀವು ಕೆಳಗೆ ಬಂದವರ ಲೆಕ್ಕ ಇಡಬೇಕಿತ್ತು.

ನಮಗೆ ಬೇಕಾಗಿರುವುದು ಇದು. ಗಾಯಗೊಂಡ ಗೆಳತಿ ಕಟ್ಟಿದ 4,200 ರೂಪಾಯಿ ಪೂರ್ತಿ ವಾಪಸ್, ಅವಳ ಚಿಕಿತ್ಸೆಗೆ ಆದ 3,960 ರೂಪಾಯಿ, ಉಳಿದ ಐದು ಜನಕ್ಕೆ ಅರ್ಧದಂತೆ 10,500 ರೂಪಾಯಿ. ಒಟ್ಟು 18,660. ಊಟ, ವಸತಿ, ಬಸ್ಸು ನಮಗೆ ಸಿಕ್ಕಿದೆ, ಅದಕ್ಕೇ ನಮ್ಮ ಪಾಲಿಗೆ ಪೂರ್ತಿ ಕೇಳುತ್ತಿಲ್ಲ. ಅವಳ ಮನೆಗೆ ಫೋನ್ ಮಾಡಿ ಕ್ಷಮೆ ಕೇಳಿ. ಅವಳ ಅಮ್ಮ ಆ ರಾತ್ರಿ ಒಂಬತ್ತರವರೆಗೆ ಮಗಳಿಗೆ ಫೋನ್ ಸಿಗದೆ ಕಂಗಾಲಾಗಿದ್ದರು.

ಮುಂದಿನ ಶನಿವಾರ ಇದೇ ಬೆಟ್ಟಕ್ಕೆ ನಿಮ್ಮ ಇನ್ನೊಂದು ಬ್ಯಾಚ್ ಇದೆ ಅಂತ ನೋಡಿದೆ. ಅವತ್ತು ಕೊನೆಯಲ್ಲಿ ನಡೆಯುವವರು ಯಾರು, ಫಸ್ಟ್ ಏಡ್ ಡಬ್ಬಿ ಯಾರ ಬೆನ್ನ ಮೇಲಿರುತ್ತದೆ, ಇದನ್ನು ಬರೆದು ತಿಳಿಸಿ. ಮುಳ್ಳೋಡಿಯವರನ್ನೇ ಗೈಡ್ ಆಗಿ ಕರೆದುಕೊಳ್ಳಿ. ಅವರಿಗೆ ದಾರಿಯೂ ಗೊತ್ತು, ಹೊತ್ತೂ ಗೊತ್ತು.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ. ಆರೂ ಜನ ಸಹಿ ಹಾಕಲು ತಯಾರಿದ್ದೇವೆ.

ಹಣ ಕಟ್ಟಿದ ರಸೀದಿ, ನೀವು ಕಳಿಸಿದ ವಿವರದ ಪ್ರತಿ, ವಾಟ್ಸಾಪ್ ಮಾತುಕತೆ, ಡಾಕ್ಟರ್ ಚೀಟಿ, ಎಕ್ಸ್‌ರೇ ವರದಿ ಮತ್ತು ಬಿಲ್‌ಗಳನ್ನು ಜೊತೆಗೆ ಇಟ್ಟಿದ್ದೇನೆ. ನನ್ನ ನಂಬರ್ ನಿಮ್ಮ ಬುಕಿಂಗ್‌ನಲ್ಲಿದೆ. ಆದರೆ ನನಗೆ ಫೋನ್ ಬೇಡ, ಉತ್ತರ ಬರಹದಲ್ಲೇ ಕಳಿಸಿ.

ಇಂತಿ,
ಆರು ಜನರ ಪರವಾಗಿ,
ಬುಕಿಂಗ್ ಮಾಡಿದವಳು