ಗ್ರೂಪಿನ ಗೇಲಿ ಮಕ್ಕಳಾಟವಲ್ಲ

ಮಾನ್ಯ ಸಂಪಾದಕರೇ,

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಟ್ಯೂಷನ್ನಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮಲಯಾಳದಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ್ದಳು. ಉಚ್ಚಾರ ಸ್ವಲ್ಪ ತಪ್ಪಿತ್ತು, ಅಷ್ಟೇ. ಸಂಜೆಯೊಳಗೆ ಅದಕ್ಕೆ ಹಾಡು ಸೇರಿಸಿ, ಅವಳ ಫೋಟೋದಿಂದ ಸ್ಟಿಕ್ಕರ್ ಮಾಡಿ ಹಂಚಿದ್ದರು. ಎರಡು ವಾರ ಹೊಟ್ಟೆನೋವು ಅಂತ ಶಾಲೆಗೇ ಹೋಗಲಿಲ್ಲ. ಊಟಕ್ಕೆ ಕೂತಾಗ ಫೋನ್ ಕವುಚಿ ಇಡುತ್ತಿದ್ದಳು. ಅದು ಗುಂಯ್ ಅಂದಾಗಲೆಲ್ಲ ಕೈಯ ತುತ್ತು ಹಾಗೇ ನಿಲ್ಲುತ್ತಿತ್ತು. ನಮಗೆ ಗೊತ್ತಾಗಿದ್ದೇ ತಡವಾಗಿ.

ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಗೇ ಮಕ್ಕಳು ಬಾಯಿ ಬಿಡುವುದಿಲ್ಲ, ಅಲ್ವಾ? ದಯವಿಟ್ಟು ಮೊದಲೇ ಬೈಯಬೇಡಿ. ಮೆಸೇಜ್ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ, ದೂರು ಕೊಡಲು ಬೇಕಾಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಮಕ್ಕಳ ಮನಸ್ಸಿನ ಕಷ್ಟ ಕೇಳಲೆಂದೇ ಕೇರಳ ಪೊಲೀಸರು 2020ರಲ್ಲಿ ಶುರು ಮಾಡಿದ ‘ಚಿರಿ’ ಸಹಾಯವಾಣಿ ಕೂಡ ಇದೆ.

ಆದರೆ ಇವುಗಳ ಬಗ್ಗೆ ನಾನು ನೋಡಿದ ಪೋಸ್ಟರುಗಳೆಲ್ಲ ಮಲಯಾಳದಲ್ಲೇ ಇದ್ದವು. ನಮ್ಮ ಕಡೆಯ ಎಷ್ಟೋ ಅಮ್ಮಂದಿರಿಗೆ, ನನ್ನ ಅಕ್ಕನಿಗೂ, ಓದಲು ಬರುವುದು ಕನ್ನಡ ಮಾತ್ರ. ಕನ್ನಡ ಶಾಲೆಗಳ ಗೋಡೆಯ ಮೇಲಾದರೂ ಈ ನಂಬರುಗಳನ್ನು ಕನ್ನಡದಲ್ಲಿ ಬರೆಸಿ. ಪಿಟಿಎ ಮೀಟಿಂಗಿನಲ್ಲಿ ಮಾರ್ಕಿನ ಜೊತೆ ಇದರ ಬಗ್ಗೆಯೂ ಹತ್ತು ನಿಮಿಷ ಮಾತಾಡಿ.

– ಓದುಗಿ, ಬದಿಯಡ್ಕ