ಥ್ರಿಲ್ಲರ್ ಚಿತ್ರ ಮಾಡಿದ ಮಗಳಿಗೆ ದೊಡ್ಡಪ್ಪನ ಪತ್ರ

ಮಡಿಕೇರಿ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಕಿರುಚಿತ್ರವನ್ನೂ, ಅದರ ಜೊತೆಗೆ ಕಾಲೇಜಿಗೆ ಒಪ್ಪಿಸಬೇಕಾದ, ನಿನ್ನ ಕೆಲಸವನ್ನು ನೀನೇ ತೂಗಿನೋಡುವ ಅವಲೋಕನ ವರದಿಯ ಕರಡನ್ನೂ ನೋಡಿದೆ. ಚಿತ್ರವನ್ನು ಮೊದಲು ನಿನ್ನ ದೊಡ್ಡಮ್ಮನ ಜೊತೆ ಕುಳಿತು, ಆಮೇಲೆ ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಚಿತ್ರ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿದೆ. ವರದಿ ಆ ಚಿತ್ರದ ಯೋಗ್ಯತೆಗೆ ತಕ್ಕಂತಿಲ್ಲ. ಚಿತ್ರವನ್ನು ತಿದ್ದಲು ಸಮಯವಿಲ್ಲವೆಂದು ನೀನೇ ಬರೆದಿದ್ದೀಯೆ. ವರದಿಯನ್ನು ತಿದ್ದಲು ಸಮಯವಿದೆಯಾದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಕರಡಿನ ಆರಂಭದ ಪುಟಗಳಲ್ಲಿ ಮಳೆಯಿದೆ, ಕರೆಂಟು ಹೋದದ್ದಿದೆ, ಜಿಗಣೆಗಳಿವೆ, ಜೀಪು ಕೆಸರಿನಲ್ಲಿ ಹೂತದ್ದಿದೆ, ತೋಟದ ಲೆಕ್ಕ ಬರೆಯುವ ರೈಟರನ ಪಾತ್ರಕ್ಕೆ ಒಪ್ಪಿದ್ದ ಗೆಳೆಯ ಕೊನೆಯ ಗಳಿಗೆಯಲ್ಲಿ ಕೈಕೊಟ್ಟದ್ದಿದೆ. ಎಲ್ಲವೂ ನಡೆದದ್ದೇ ಎಂದು ನಂಬುತ್ತೇನೆ. ಆದರೆ ಜುಲೈ ತಿಂಗಳಲ್ಲಿ ನಾಪೋಕ್ಲು ಕಡೆಯ ತೋಟದಲ್ಲಿ ಚಿತ್ರೀಕರಣ ಇಟ್ಟುಕೊಂಡವಳು ಮಳೆ ಬಂತೆಂದು ದೂರಿದರೆ ಕೊಡಗಿನಲ್ಲಿ ಒಪ್ಪುವವರು ಯಾರಿದ್ದಾರೆ? ಓದುವವರಿಗೆ ಬೇಕಾದದ್ದು ಜುಲೈಯನ್ನು ನೀನು ಏಕೆ ಆರಿಸಿಕೊಂಡೆ ಎಂಬುದು. ಕಥೆಗೆ ಮಳೆ ಬೇಕಿತ್ತೆಂದಾದರೆ, ಆ ಮಳೆ ನಾಯಕಿಯ ಸುತ್ತಲಿನ ದಾರಿಗಳನ್ನು ಹೇಗೆ ಮುಚ್ಚುತ್ತದೆ, ಅವಳ ಕೂಗು ಪಕ್ಕದಲ್ಲಿ ಕೆಲಸಗಾರರಿರುವ ಲೈನ್ ಮನೆಗೂ ಕೇಳದಂತೆ ಹೇಗೆ ಮಾಡುತ್ತದೆ ಎಂಬುದನ್ನು ಬರೆ. ಗೆಳೆಯರಿಗೆಲ್ಲ ಬಿಡುವು ಸಿಕ್ಕಿದ್ದು ಆಗಲೇ ಎಂದಾದರೆ ಅದನ್ನೂ ನೇರವಾಗಿ ಬರೆದು, ಸಿಕ್ಕ ಋತುವಿಗೆ ಕಥೆಯನ್ನು ಹೇಗೆ ಹೊಂದಿಸಿಕೊಂಡೆ ಎಂದು ವಿವರಿಸು. ಅಡ್ಡಿಗಳು ಎಲ್ಲರಿಗೂ ಬರುತ್ತವೆ. ನೀನು ಕೈಗೊಂಡ ತೀರ್ಮಾನಗಳು ನಿನ್ನವು ಮಾತ್ರ; ಅವು ನೋಡುವವರ ಮೇಲೆ ಏನು ಮಾಡಿದವು ಎಂಬುದು ವರದಿಯ ವಿಷಯ.

ಇದಕ್ಕೆ ನಿನ್ನ ಚಿತ್ರದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ತೋಟದ ಕಚೇರಿ ಕೋಣೆಯಲ್ಲಿ ನಾಯಕಿ ಕೆಲಸಗಾರರ ಹಾಜರಿ ಪುಸ್ತಕವಾದ ಚೆಕ್‌ರೋಲ್ ತಿರುವಿಹಾಕುತ್ತಿದ್ದಾಳೆ. ಅವಳ ಬೆರಳು ಒಂದು ಹೆಸರಿನ ಮೇಲೆ ನಿಲ್ಲುತ್ತದೆ. ಆ ಕೆಲಸಗಾರ ಕಳೆದ ಮಳೆಗಾಲದಲ್ಲೇ ತೀರಿಕೊಂಡನೆಂದು ಲೈನ್ ಮನೆಯ ಮುದುಕಿ ಹಿಂದೊಂದು ದೃಶ್ಯದಲ್ಲಿ, ಸೌದೆ ಒಟ್ಟುತ್ತ, ಮುಖವನ್ನೂ ಎತ್ತದೆ ಹೇಳಿದ್ದಳು. ಆದರೆ ಪುಸ್ತಕದಲ್ಲಿ ಆ ಹೆಸರಿನ ಮುಂದೆ ನಿನ್ನೆಯವರೆಗೂ ಹಾಜರಿ ಬಿದ್ದಿದೆ. ಹಿನ್ನೆಲೆ ಸಂಗೀತವಿಲ್ಲ, ಮಾತಿಲ್ಲ, ಹಾಳೆ ಮಗುಚುವ ಸದ್ದು ನಿಂತುಹೋಗುತ್ತದೆ ಅಷ್ಟೆ. ನಿನ್ನ ದೊಡ್ಡಮ್ಮ ಅಲ್ಲಿಯೇ, "ಸತ್ತವನ ಸಂಬಳ ಯಾರು ತಿನ್ನುತ್ತಿದ್ದಾರೆ?" ಎಂದು ಜೋರಾಗಿ ಕೇಳಿದಳು. ಇಡೀ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯ ಕ್ಷಣವಿಲ್ಲ. ವರದಿಯಲ್ಲಿ ಈ ದೃಶ್ಯಕ್ಕೆ ನೀನು ಕೊಟ್ಟಿರುವುದು ಒಂದೇ ಸಾಲು: "ಕಚೇರಿ ದೃಶ್ಯ ಯಾವುದೇ ತೊಂದರೆಯಿಲ್ಲದೆ ಬೇಗ ಮುಗಿಯಿತು." ತೊಂದರೆ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ನಿನ್ನ ಅತ್ಯುತ್ತಮ ಕೆಲಸ ನಿನ್ನ ಲೆಕ್ಕಕ್ಕೇ ಬರಲಿಲ್ಲ. ಎಷ್ಟು ಕಷ್ಟಪಟ್ಟೆವು ಎಂಬ ಅಳತೆಗೋಲು ಹಿಡಿದು ವರದಿ ಬರೆಯಲು ಹೊರಟರೆ ಹೀಗಾಗುತ್ತದೆ.

ಆ ದೃಶ್ಯ ಏಕೆ ಗೆದ್ದಿತು ಎಂದು ಯೋಚಿಸು. ಎರಡು ಸಂಗತಿಗಳನ್ನು ನೀನು ದೂರದೂರದಲ್ಲಿ ಇಟ್ಟೆ, ಅವೆರಡನ್ನು ಜೋಡಿಸುವ ಕೆಲಸವನ್ನು ನೋಡುವವರಿಗೆ ಬಿಟ್ಟೆ. ನಾಯಕಿಗೆ ಅರ್ಥವಾದ ಕ್ಷಣದಲ್ಲೇ ನಮಗೂ ಅರ್ಥವಾಯಿತು. ಆದರೆ ಇಲ್ಲಿ ಇನ್ನೊಂದು ಮಾತಿದೆ. ನಿನ್ನ ದೊಡ್ಡಮ್ಮ ತೋಟದಲ್ಲೇ ಹುಟ್ಟಿ ಬೆಳೆದವಳು. ಬೆಳಿಗ್ಗೆ ರೈಟರ್ ಹೆಸರು ಕರೆದು ಚೆಕ್‌ರೋಲಿನಲ್ಲಿ ಹಾಜರಿ ಗುರುತಿಸುವುದು, ಆ ಗುರುತುಗಳನ್ನು ಕೂಡಿಸಿಯೇ ವಾರದ ಕೂಲಿ ಕೊಡುವುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಮೈಸೂರಿನಲ್ಲಿ ನಿನಗೆ ಅಂಕ ಹಾಕುವ ಅಧ್ಯಾಪಕರಿಗೆ ಅದೊಂದು ಹಳೆಯ ಲೆಕ್ಕದ ಪುಸ್ತಕವಾಗಿ ಮಾತ್ರ ಕಂಡೀತು. ಮೊದಲಲ್ಲೇ ಒಂದು ಮುಂಜಾನೆ, ಪ್ಲಾಸ್ಟಿಕ್ ಗೊಪ್ಪೆ ಹೊದ್ದ ಹೆಂಗಸರು ಸಾಲಾಗಿ ನಿಂತಿರುವಾಗ ರೈಟರ್ ಹೆಸರು ಕರೆದು ಗುರುತು ಹಾಕುವುದನ್ನು ಕೆಲವೇ ಸೆಕೆಂಡು ತೋರಿಸಿದ್ದರೆ ಆ ಕೊರತೆ ತುಂಬುತ್ತಿತ್ತು. ಯಾರನ್ನು ನೋಡುಗರೆಂದು ಮನಸ್ಸಿನಲ್ಲಿಟ್ಟುಕೊಂಡು ನೀನು ಚಿತ್ರ ಕಟ್ಟಿದೆ ಎಂಬ ಪ್ರಶ್ನೆಗೆ ನಿನ್ನ ವರದಿಯಲ್ಲಿ ಉತ್ತರವೇ ಇಲ್ಲ. ಥ್ರಿಲ್ಲರ್ ಮಾಡುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ನೋಡುವವರಿಗೆ ಏನು ಗೊತ್ತು, ಅದು ಯಾವ ಗಳಿಗೆಯಲ್ಲಿ ಗೊತ್ತಾಯಿತು, ಪಾತ್ರಕ್ಕಿಂತ ಮುಂಚೆಯೋ ಆಮೇಲೋ ಎಂಬುದರ ಮೇಲೆಯೇ ಈ ಬಗೆಯ ಕಥೆ ನಿಂತಿರುತ್ತದೆ.

ಅದೇ ಕಾರಣಕ್ಕೆ ಚಿತ್ರದ ದ್ವಿತೀಯಾರ್ಧ ಸಡಿಲವಾಗಿದೆ. ಕಳ್ಳ ಹಾಜರಿ ಹಾಕಿದವನು ರೈಟರನೇ ಎಂಬುದನ್ನು ಕೊನೆಯ ನಿಮಿಷದವರೆಗೆ ಬಚ್ಚಿಟ್ಟು, ಆಮೇಲೆ ಒಮ್ಮೆಗೇ ಹೊರಹಾಕಿದ್ದೀಯೆ. ನಾವು ಬೆರಗಾದದ್ದು ಹೌದು, ಆ ಬೆರಗು ಮರುಕ್ಷಣವೇ ಮುಗಿಯಿತು. ನಾಯಕಿ ಚೆಕ್‌ರೋಲ್ ತೆರೆಯುವ ಮೊದಲೇ ಕಚೇರಿಯ ಜಗಲಿಯಲ್ಲಿ ರೈಟರನ ಒದ್ದೆ ಕೊಡೆ ಒರಗಿಸಿಟ್ಟಿರುವುದನ್ನು ನಮಗೆ ಮಾತ್ರ ತೋರಿಸಿದ್ದರೆ, ಅವಳು ಪುಟ ಮಗುಚಿದಷ್ಟೂ ಹೊತ್ತು ನಾವು ಬಾಗಿಲ ಕಡೆ ನೋಡುತ್ತಿದ್ದೆವು. ಹಾಗೆಯೇ ಮಾಡಬೇಕೆಂದು ನಾನು ವಿಧಿಸುತ್ತಿಲ್ಲ. ಬಚ್ಚಿಡುವುದೇ ನಿನ್ನ ಉದ್ದೇಶವಾಗಿದ್ದರೆ ಅದನ್ನು ಸಮರ್ಥಿಸಿ ಬರೆ. ಕರಡನ್ನು ಓದಿದರೆ ಎರಡು ದಾರಿಗಳಿದ್ದವೆಂಬುದೇ ನಿನ್ನ ಗಮನಕ್ಕೆ ಬಂದಂತಿಲ್ಲ.

ಇನ್ನು ಕೋವಿಯ ವಿಷಯ. ಇದನ್ನು ಎರಡು ಭಾಗವಾಗಿ ಹೇಳಬೇಕು, ಎರಡನೆಯದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ.

ಗೋಡೆಯ ಮೇಲಿನ ಕೋವಿಯನ್ನು ಕ್ಯಾಮೆರಾ ಮೆಲ್ಲಗೆ ಸಮೀಪಿಸುವ ದೃಶ್ಯದಿಂದ ನೀನು ಭಯ ಹುಟ್ಟಿಸಲು ಹೊರಟಿದ್ದೀಯೆ. ಬೇರೆ ಊರಿನವರು ಬೆಚ್ಚಬಹುದು. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, ಈಗಿನ ಅಧಿಸೂಚನೆಯಂತೆ ಅದು 2029ರವರೆಗೆ ಮುಂದುವರಿದಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುವ, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುವ ನಾಡಿದು. ಇಲ್ಲಿ ಗೋಡೆಯಲ್ಲಿ ಕೋವಿ ಇರುವುದು ಯಾರನ್ನೂ ಬೆಚ್ಚಿಸುವುದಿಲ್ಲ. ಇರಬೇಕಾದ ಗೂಟದಲ್ಲಿ ಅದು ಕಾಣದೆ ಹೋದರೆ ಮನೆಯವರ ಎದೆ ಹೊಡೆದುಕೊಳ್ಳುತ್ತದೆ. ಖಾಲಿ ಗೂಟವನ್ನು ತೋರಿಸುವ ಯೋಚನೆ ನಿನಗೆ ಹೊಳೆಯಬೇಕಿತ್ತು, ನೀನು ಈ ಮನೆಯ ಮಗಳು. ಇನ್ನೊಂದು ಸಂಗತಿ: ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಒಂದರ ಹಿಂದೆ ಒಂದರಂತೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿಯಿದೆ. ನಿನ್ನ ಚಿತ್ರದ ನಡುವೆ ದೂರದಲ್ಲಿ ಎರಡು ಗುಂಡಿನ ಸದ್ದು ಕೇಳಿಬರುತ್ತದೆ. ಇಲ್ಲಿಯವರು ಅದನ್ನು ಕೇಳಿದೊಡನೆ ಯಾರದೋ ಮನೆಯಲ್ಲಿ ಸಾವಾಯಿತೆಂದು ತಿಳಿಯುತ್ತಾರೆ. ನಿನ್ನ ಕಥೆಯಲ್ಲಿ ಅದು ಯಾರೋ ಬೇಟೆಗೆ ಹೋದ ಸದ್ದು. ಬೇಕೆಂದೇ ದಾರಿ ತಪ್ಪಿಸಿದೆಯೋ, ಧ್ವನಿ ಸಂಗ್ರಹದಲ್ಲಿ ಸಿಕ್ಕಿದ್ದನ್ನು ಹಾಗೇ ಅಂಟಿಸಿದೆಯೋ, ವರದಿಯಲ್ಲಿ ಹೇಳು.

ಎರಡನೆಯದು. "ಮನೆಯ ಕೋವಿಯನ್ನೇ ಬಳಸಿದೆವು, ಖಾಲಿಯಿದೆಯೆಂದು ನೋಡಿಕೊಂಡೆವು" ಎಂದು ಬರೆದಿದ್ದೀಯೆ. 2021ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ "ರಸ್ಟ್" ಎಂಬ ಚಿತ್ರದ ತಾಲೀಮಿನ ವೇಳೆ, ಅಪಾಯವಿಲ್ಲವೆಂದು ಹೇಳಿ ನಟನ ಕೈಗೆ ಕೊಟ್ಟಿದ್ದ ರಿವಾಲ್ವರಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳೆದುಕೊಂಡರು, ನಿರ್ದೇಶಕರಿಗೂ ಗಾಯವಾಯಿತು. ಅಲ್ಲಿ ಆಯುಧ ನೋಡಿಕೊಳ್ಳಲೆಂದೇ ಸಂಬಳ ಕೊಟ್ಟು ನೇಮಿಸಿದ್ದವರಿದ್ದರು. ನಿಮ್ಮಲ್ಲಿ ಕಾಲೇಜಿನ ಹುಡುಗರಿದ್ದರು. ವಿನಾಯಿತಿ ಮನೆಯ ಅರ್ಹರಿಗೆ ಇರುವುದೇ ಹೊರತು ನಿನ್ನ ಗೆಳೆಯರ ಕೈಗಲ್ಲ. ಮರದಲ್ಲಿ ಕೆತ್ತಿಸಿ ಬಣ್ಣ ಬಳಿದ ಕೋವಿ ನಿನ್ನ ಮಬ್ಬು ಬೆಳಕಿನಲ್ಲಿ ಯಾವ ಭೇದವನ್ನೂ ತೋರಿಸುತ್ತಿರಲಿಲ್ಲ. ಮುಂದೆ ಎಂದೂ ಹೀಗೆ ಮಾಡಬಾರದು. ವರದಿಯಲ್ಲಿಯೂ ಇದನ್ನು ಸಾಹಸವೆಂಬಂತೆ ಬರೆಯದೆ, ಮಾಡಬಾರದಿತ್ತೆಂದು ಸ್ಪಷ್ಟವಾಗಿ ದಾಖಲಿಸು.

ಧ್ವನಿಯ ಬಗ್ಗೆ ನಾನು ಮಾತಾಡದೆ ಇರುವುದುಂಟೆ? ಆಕಾಶವಾಣಿಯ ನಾಟಕ ವಿಭಾಗದಲ್ಲಿ ಬಾಳಿನ ಬಹುಭಾಗ ಕಳೆದವನಿಗೆ ಕಣ್ಣಿಗಿಂತ ಕಿವಿಯೇ ಮೊದಲು. ನಿಮ್ಮ ಮಳೆ ಮೈಕಿನೊಳಗೆ ಬಾಣಲೆಯಲ್ಲಿ ಏನೋ ಕರಿಯುತ್ತಿರುವಂತೆ ಕೇಳುತ್ತದೆ. ನೇರವಾಗಿ ಮಳೆಯ ಕಡೆಗೇ ಮೈಕು ಹಿಡಿದರೆ ಹೀಗೆ ಒಂದೇ ಸಮನಾದ ಗದ್ದಲವೇ ಸಿಕ್ಕುವುದು. ಸೂರಿನಿಂದ ಕೆಳಗಿನ ಪಾತ್ರೆಗೆ ಬೀಳುವ ಹನಿ, ತಗಡಿನ ಮೇಲೆ ಬೀಳುವ ಮಳೆ, ಕಾಫಿ ಎಲೆಗಳ ಮೇಲಿನ ಮಳೆ, ಇವನ್ನು ಬೇರೆಬೇರೆಯಾಗಿ ಹತ್ತಿರದಿಂದ ಮುದ್ರಿಸಿಕೊಂಡು ಸೇರಿಸಿದರೆ ಮಳೆ ಮಳೆಯಾಗುತ್ತದೆ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಆ ಜಾಗದ ಮೌನವನ್ನು ಮುದ್ರಿಸಿಕೊಳ್ಳದಿದ್ದುದರಿಂದ, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಕೋಣೆಯೇ ಬದಲಾದಂತೆ ಕೇಳುತ್ತದೆ. ರಾತ್ರಿಯ ದೃಶ್ಯಕ್ಕೆ ನೀನು ಉದ್ದಕ್ಕೂ ಸಂಗೀತ ತುಂಬಿದ್ದೀಯೆ. ತೋಟದ ರಾತ್ರಿಯಲ್ಲಿ ಜೀರುಂಡೆಗಳ ಸದ್ದು ತಟ್ಟನೆ ನಿಂತರೆ ಹತ್ತಿರದಲ್ಲಿ ಏನೋ ನಡೆದಾಡುತ್ತಿದೆಯೆಂದು ನಮಗೆಲ್ಲ ಗೊತ್ತು. ಆನೆ ಓಡಾಡುವ ಸಿದ್ದಾಪುರದ ಕಡೆಯವರಿಗಂತೂ ಅದನ್ನು ಹೇಳುವುದೇ ಬೇಡ.

ಹಾಗೆಂದು ಸಂಗೀತವೇ ಬೇಡವೆಂಬ ಪಕ್ಷ ನನ್ನದಲ್ಲ. 1960ರ "ಸೈಕೋ" ಚಿತ್ರದ ಸ್ನಾನದ ಮನೆಯ ಕೊಲೆಗೆ ಸಂಗೀತ ಬೇಡವೆಂಬುದು ನಿರ್ದೇಶಕ ಹಿಚ್‌ಕಾಕರ ಮೊದಲ ತೀರ್ಮಾನವಾಗಿತ್ತು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆದರೂ ಬರೆದು, ತಂತಿವಾದ್ಯಗಳಲ್ಲೇ ನುಡಿಸಿ ಕೇಳಿಸಿದರು. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಿಸಿದರು. ನಿನ್ನ ರಾತ್ರಿಯ ದೃಶ್ಯವನ್ನು ನೀನೂ ಎರಡು ಬಗೆಯಲ್ಲಿ, ಸಂಗೀತವಿದ್ದು ಒಮ್ಮೆ, ಇಲ್ಲದೆ ಒಮ್ಮೆ ಜೋಡಿಸಿ, ಎರಡನ್ನೂ ಕೇಳಿ, ಯಾವುದನ್ನು ಏಕೆ ಉಳಿಸಿಕೊಂಡೆ ಎಂದು ಬರೆದರೆ ಅದು ನಿಜವಾದ ಅವಲೋಕನವಾಗುತ್ತದೆ.

ತಾಂತ್ರಿಕ ದೋಷಗಳ ಬಗ್ಗೆ "ಕ್ಯಾಮೆರಾ ಸಮಸ್ಯೆ" ಎಂದು ಬರೆದು ಮುಗಿಸಬೇಡ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಪಟ್ಟಿಪಟ್ಟಿಯಾಗಿ ಬೆಳಕು ಹರಿದದ್ದಕ್ಕೆ ಕಾರಣವಿದೆ: ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಆ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಷಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ನಿಲ್ಲಿಸದೆ ಮೊಬೈಲಿನ ಇಷ್ಟಕ್ಕೆ ಬಿಟ್ಟರೆ ಹೀಗಾಗುತ್ತದೆ. ಕಾರಣ ಬರೆದರೆ ಕಲಿತದ್ದು ಕಾಣುತ್ತದೆ. ಅಟ್ಟಿಸಿಕೊಂಡು ಹೋಗುವ ದೃಶ್ಯದಲ್ಲಿ ಒಂದು ಶಾಟ್‌ನಲ್ಲಿ ಮಂಜು, ಮರುಶಾಟ್‌ನಲ್ಲಿ ಬಿಸಿಲು. ಅದನ್ನು ನೀನೇ ಗಮನಿಸಿ ಬರೆದಿದ್ದೀಯೆ, ಅಷ್ಟು ಸಾಕು.

ಕರಡಿನ ಭಾಷೆಯಲ್ಲಿ ಒಂದು ಸಂಗತಿ ನನಗೆ ಇಷ್ಟವಾಗಲಿಲ್ಲ. ಚೆನ್ನಾಗಿ ಬಂದಲ್ಲೆಲ್ಲ "ನಾನು" ಇದ್ದಾಳೆ, ಕೆಟ್ಟಲ್ಲೆಲ್ಲ "ನಮ್ಮಿಂದ ಆಗಲಿಲ್ಲ" ಎಂದಿದೆ. ಮುದುಕಿಯ ಮಾತನ್ನು ಸೌದೆ ಒಟ್ಟುತ್ತ ಹೇಳಿಸುವ ಯೋಚನೆ ಸಂಕಲನ ಮಾಡಿದ ಹುಡುಗನದೆಂದು ನಿನ್ನ ಅಪ್ಪ ಹೇಳಿದ. ಹಾಗಿದ್ದರೆ ಅವನ ಹೆಸರು ಅಲ್ಲಿ ಬರಬೇಕು. ಕೈಕೊಟ್ಟ ಗೆಳೆಯನ ಹೆಸರು ಬೇಡ. ಅವನು ಬಾರದೆ ಹೋದಾಗ ರೈಟರನ ಮುಖ ತೋರಿಸದೆ ಕೊಡೆ, ಕೈ, ಬೆನ್ನುಗಳಲ್ಲೇ ನಡೆಸಿದ್ದು ಯಾರ ಉಪಾಯ, ಅದರಿಂದ ಚಿತ್ರಕ್ಕೆ ಲಾಭವೇ ಆಯಿತಲ್ಲವೇ ಎಂಬುದು ಬೇಕು.

ವರದಿಯನ್ನು ಮತ್ತೆ ಬರೆಯುವ ಮುನ್ನ ಒಂದು ಕೆಲಸ ಮಾಡು. ಕಥೆ ಗೊತ್ತಿಲ್ಲದ ಕೆಲವರಿಗೆ ಚಿತ್ರ ತೋರಿಸು. ಅವರಲ್ಲಿ ತೋಟ ಕಂಡವರೂ ಇರಲಿ, ಕಾಣದವರೂ ಇರಲಿ. ನೀನು ಪರದೆಯನ್ನು ನೋಡದೆ ಅವರ ಮುಖಗಳನ್ನು ನೋಡು. ಯಾವ ನಿಮಿಷದಲ್ಲಿ ಮೊಬೈಲ್ ಕೈಗೆತ್ತಿಕೊಂಡರು, ಎಲ್ಲಿ ಮುಂದಕ್ಕೆ ಬಾಗಿದರು ಎಂದು ಗುರುತು ಹಾಕಿಕೋ. ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಬೇಡ, ಎಲ್ಲರೂ ಚೆನ್ನಾಗಿತ್ತೆನ್ನುತ್ತಾರೆ. ಯಾರ ಮೇಲೆ, ಯಾವಾಗ ಅನುಮಾನ ಬಂತೆಂದು ಕೇಳು. ಆ ಉತ್ತರಗಳನ್ನು ನಿನ್ನ ಉದ್ದೇಶದ ಪಕ್ಕದಲ್ಲಿಟ್ಟು ಬರೆದರೆ ಮಳೆ, ಜಿಗಣೆಗಳ ಪುಟಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಎರಡನೆಯ ಕರಡನ್ನು ಒಪ್ಪಿಸುವ ಮೊದಲು ನನಗೆ ಕಳುಹಿಸು. ಹುತ್ತರಿಗೆ ಊರಿಗೆ ಬರುವಾಗ ಧ್ವನಿಯ ಮೂಲ ಕಡತಗಳಿರುವ ಹಾರ್ಡ್ ಡಿಸ್ಕನ್ನು ಮರೆಯದೆ ತಾ. ಅಂಕಗಳು ಬಂದಾಗಿರುತ್ತವೆ, ಆದರೂ ಆ ಮಳೆಯನ್ನು ಹಾಗೇ ಬಿಡಲು ನನಗೆ ಮನಸ್ಸಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ