ಮಗಳಿಗೊಂದು ಪತ್ರ: ಬೇರಿಂಗಿನ ಅಲಗು, ಕಾಫಿ ಗಿಡದ ಹಿಡಿ

ಪುಟ್ಟೀ,

ಡಬ್ಬಿ ಬಿಚ್ಚುವ ಮೊದಲು ಇದನ್ನು ಓದು. ಒಳಗಿರುವುದು ತುಂಬಾ ಹರಿತ. ನಿನ್ನ ತಮ್ಮ ಸೋಮವಾರಪೇಟೆಯಿಂದ ಮೈಸೂರಿನ ತನಕ ಅದನ್ನು ತೊಡೆ ಮೇಲೆ ಇಟ್ಟುಕೊಂಡೇ ಬಂದಿರುತ್ತಾನೆ. ಒಳಗೆ ಏನಿದೆ ಅಂತ ಅವನಿಗೂ ಪೂರ್ತಿ ಹೇಳಿಲ್ಲ.

ಇಲ್ಲಿ ಮಳೆ ಬಿಟ್ಟಿಲ್ಲ. ನಿನ್ನೆ ಬೆಳಿಗ್ಗೆ ಗೇಜಿನಲ್ಲಿ ಮೂರೂವರೆ ಇಂಚು. ಪುಷ್ಪಗಿರಿ ಕಡೆ ನೋಡಿದರೆ ಬರೀ ಬಿಳಿ. ಮೂರು ದಿನದಿಂದ ಕರೆಂಟಿಲ್ಲ, ತೋಟಕ್ಕೆ ಇಳಿದರೆ ಜಿಗಣೆ, ಮನೆಯೊಳಗೆ ಕೂತರೆ ನಿನ್ನ ಅಮ್ಮ. ಪತ್ರ ಬರೆಯೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ.

ಡಬ್ಬಿಯಲ್ಲಿರುವುದು ರೇಜರ್. ಹಳೇ ಕಾಲದ, ಹಿಡಿಯೊಳಗೆ ಮಡಚುವ ಕ್ಷೌರದ ಕತ್ತಿ. ನಾನೇ ಮಾಡಿದ್ದು. ಏಪ್ರಿಲ್‌ನಲ್ಲಿ ಶುರು ಮಾಡಿದೆ, ಮೊನ್ನೆ ಮುಗಿಯಿತು.

ಯಾಕೆ ಏಪ್ರಿಲ್ ಅಂತ ನಿನಗೆ ಗೊತ್ತು. ಆ ಮದುವೆ ಊಟದ ಪಂಕ್ತಿಯಲ್ಲಿ ನಮ್ಮವರೇ ಒಬ್ಬರು, "ಬಿ.ಕಾಂ. ಓದಿಸಿ ಕೊನೆಗೆ ಮಗಳ ಕೈಗೆ ಕತ್ತರಿ ಕೊಟ್ಟೆಯಲ್ಲಯ್ಯಾ" ಅಂದರು. ನಾಲ್ಕು ಜನ ನಕ್ಕರು. ನಾನು ಎಲೆ ನೋಡಿಕೊಂಡು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ನೀನು ಎದುರಿನ ಸಾಲಿನಲ್ಲೇ ಇದ್ದೆ, ನಿನಗೆ ಕೇಳಿಸಿತ್ತು. ನೀನೂ ತಲೆ ಎತ್ತಲಿಲ್ಲ. ಅಂಗಡಿ ಶುರುವಾದ ದಿನ ನಾನು ಬಂದೆ ನಿಜ, ರಿಬ್ಬನ್ ಹತ್ತಿರ ನಿಂತು ಫೋಟೋ ತೆಗೆಸಿಕೊಂಡೆ ನಿಜ, ಆದರೆ ಊರಲ್ಲಿ ಯಾರಾದರೂ "ಮಗಳು ಏನು ಮಾಡ್ತಾಳೆ" ಅಂತ ಕೇಳಿದರೆ "ಮೈಸೂರಲ್ಲಿ ಸ್ವಂತ ಬಿಸಿನೆಸ್" ಅಂತ ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಗಂಡಸರ ಗಡ್ಡ ಬೋಳಿಸುವ ಅಂಗಡಿ ಅಂತ ಬಾಯಲ್ಲಿ ಬರುತ್ತಿರಲಿಲ್ಲ.

ಅದು ಇರಲಿ. ಕತ್ತಿಯ ಕಥೆ ಹೇಳುತ್ತೇನೆ.

ಮೊದಲು ಜರ್ಮನಿಯ ಸೋಲಿಂಗನ್‌ನಲ್ಲಿ ಮಾಡಿದ್ದೊಂದನ್ನು ತರಿಸೋಣ ಅಂದುಕೊಂಡೆ. ಆ ಊರು, ಇಂಗ್ಲೆಂಡಿನ ಶೆಫೀಲ್ಡ್, ಇವೆರಡೂ ರೇಜರಿಗೆ ಹೆಸರಾದ ಊರುಗಳು. ಆಮೇಲೆ ಅನಿಸಿತು, ದುಡ್ಡು ಕೊಟ್ಟು ತಂದರೆ ನಾನೇನು ಮಾಡಿದ ಹಾಗಾಯ್ತು? ತೋಟದ ಕತ್ತಿ ಮಸೆದು ಮಸೆದು ನನಗೆ ಅಭ್ಯಾಸ ಇದೆಯಲ್ಲ ಅಂತ ಒಂದು ಧೈರ್ಯ. ಅದು ಮೂರ್ಖ ಧೈರ್ಯ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಕತ್ತಿ ಮಾಡಿಕೊಡುವ ಆಚಾರಿಯವರ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ಹಿಡಿದು ಹೋದೆ. ಅವರು ಅದನ್ನು ಮುಟ್ಟಲೂ ಇಲ್ಲ. "ಇದು ಮರ ಕಡಿಯೋಕೆ ಸರಿ ಸಾರ್, ಗಡ್ಡಕ್ಕೆ ಕತ್ತಿಯ ಬಾಯಿ ಹರಿತ ನಿಲ್ಲಲ್ಲ" ಅಂದರು. ಆಮೇಲೆ ಓದಿ ನೋಡಿದೆ, ಅವರು ಹೇಳಿದ್ದೇ ಸರಿ. ಆ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.6 ಇರುತ್ತೆ. ಏಟು ತಡೆಯುತ್ತೆ, ಬಾಗುತ್ತೆ, ಮುರಿಯಲ್ಲ. ರೇಜರಿಗೆ ಬೇಕಾದ್ದು ಶೇ. 1ರ ಆಸುಪಾಸು ಇಂಗಾಲ ಇರುವ ಉಕ್ಕು. ಅದು ಎಲ್ಲಿ ಸಿಗುತ್ತೆ ಅಂದರೆ ಬೇರಿಂಗಿನಲ್ಲಿ. ಇಂಗಾಲ ಶೇ. 1, ಕ್ರೋಮಿಯಂ ಒಂದೂವರೆ. ಗ್ಯಾರೇಜಿನ ಗುಜರಿಯಲ್ಲಿ ಒಂದು ಲಾರಿ ಬೇರಿಂಗು ಸಿಕ್ಕಿತು. ಅದರ ಹೊರಗಿನ ಬಳೆ ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು ನೆಟ್ಟಗೆ ಮಾಡಿದೆವು. ಬಡಿದದ್ದು ಜಾಸ್ತಿ ಅವರೇ. ನಾನು ಇಕ್ಕಳ ಹಿಡಿದಿದ್ದೆ. ಆ ರಾತ್ರಿ ಅದನ್ನು ಬೂದಿಯೊಳಗೆ ಹೂತಿಟ್ಟು ಬಂದೆವು. ನಿಧಾನ ಆರಿದರೆ ಉಕ್ಕು ಮೆತ್ತಗಾಗುತ್ತೆ, ಅರ ಹಿಡಿಯುತ್ತೆ.

ಈಗ ಬೆನ್ನಿನ ಕೆತ್ತನೆ. ಡಬ್ಬಿ ಬಿಚ್ಚಿದ ಕೂಡಲೇ ನಿನ್ನ ಕಣ್ಣಿಗೆ ಬೀಳುವುದು ಅದೇ ಅಂತ ನನಗೆ ಆಸೆ. ಅಲಗಿನ ಬೆನ್ನಿನ ಮೇಲೆ ಒಂದು ಮೆಣಸಿನ ಬಳ್ಳಿ ಹತ್ತಿಸಿದ್ದೇನೆ. ಸಣ್ಣ ದುಂಡು ಅರದಲ್ಲಿ ಎಡಕ್ಕೊಂದು ಬಲಕ್ಕೊಂದು ಕಚ್ಚು ಹಾಕುತ್ತಾ ಹೋಗಬೇಕು, ಎದುರುಬದುರು ಬರಬಾರದು, ಒಂದರ ಮಧ್ಯಕ್ಕೆ ಇನ್ನೊಂದು. ಆಗ ನಡುವೆ ಉಳಿದ ಉಕ್ಕು ತಾನಾಗಿ ಬಳ್ಳಿಯ ಹಾಗೆ ಡೊಂಕಾಗುತ್ತೆ. ಆಮೇಲೆ ಮೂರು ಮೂಲೆಯ ಅರದಲ್ಲಿ ಪ್ರತಿ ತಿರುವಿಗೂ ಒಂದು ಗೀರು, ಅದು ಎಲೆ. ಹನ್ನೊಂದು ಎಲೆ ಇದೆ. ಏಳನೆಯದು ಸ್ವಲ್ಪ ದಪ್ಪ, ಆಗ ನಿನ್ನ ಅಮ್ಮ ಕಾಫಿಗೆ ಕರೆದಿದ್ದಳು. ಇದೆಲ್ಲ ಹದ ಹಾಕುವ, ಅಂದರೆ ಕೆಂಪಗೆ ಕಾಯಿಸಿ ತಟ್ಟನೆ ಅದ್ದಿ ಗಟ್ಟಿ ಮಾಡುವ ಮೊದಲೇ ಮುಗಿಯಬೇಕು. ಗಟ್ಟಿಯಾದ ಮೇಲೆ ಅರ ಅದರ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತೆ.

ಹದ ಹಾಕುವುದರಲ್ಲೇ ನನ್ನ ಮರ್ಯಾದೆ ಹೋದದ್ದು. ಮೊದಲನೇ ಅಲಗನ್ನು ಆಚಾರಿಯವರು ಬೇಡ ಅಂದರೂ ನೀರಿಗೆ ಅದ್ದಿದೆ. ಟಿಂಗ್ ಅಂತ ಸಣ್ಣ ಸದ್ದು, ಲೋಟಕ್ಕೆ ಚಮಚ ತಾಗಿದ ಹಾಗೆ. ಹೊರಗೆ ತೆಗೆದರೆ ಬಾಯಿಯಿಂದ ಬೆನ್ನಿನ ತನಕ ಕೂದಲೆಳೆಯ ಬಿರುಕು. ಒಂಬತ್ತು ದಿನ ಕೂತು ಕೆತ್ತಿದ ಬಳ್ಳಿ ಅದರ ಮೇಲಿತ್ತು. ಎರಡನೆಯದು ಎಣ್ಣೆಯಲ್ಲೇ ಬಾಳೆಕಾಯಿ ಹಾಗೆ ಬಾಗಿತು, ನೆಟ್ಟಗೆ ಮಾಡಲು ಹೋಗಿ ಎರಡು ತುಂಡು ಮಾಡಿದೆ. ಮೂರನೆಯದಕ್ಕೆ ಮಾತು ಕೇಳಿದೆ. ಕತ್ತಲಾದ ಮೇಲೆ ಮಾಡಿದೆವು, ಬಣ್ಣ ಸರಿಯಾಗಿ ಕಾಣಲಿ ಅಂತ. ಹಳೇ ಸ್ಪೀಕರಿನ ಅಯಸ್ಕಾಂತ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟಲ್ಲ, ಅಲ್ಲಿಂದ ಇನ್ನೂ ಸ್ವಲ್ಪ ಮೇಲಕ್ಕೆ ಕಾಯಿಸಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸಿ, ಬೆಚ್ಚಗಿನ ಕಡಲೆಕಾಯಿ ಎಣ್ಣೆಗೆ ಮೊನೆ ಕೆಳಗೆ ಮಾಡಿ ನೆಟ್ಟಗೆ ಇಳಿಸಿದೆವು. ಕೊಟ್ಟಿಗೆ ತುಂಬಾ ಬೋಂಡಾ ಕರಿದ ವಾಸನೆ. ಸದ್ದು ಬರುತ್ತಾ ಅಂತ ಇಬ್ಬರೂ ಉಸಿರು ಹಿಡಿದು ನಿಂತಿದ್ದೆವು. ಬರಲಿಲ್ಲ. ಆಚಾರಿಯವರು ಅರ ಎಳೆದು ನೋಡಿದರು, ಜಾರಿತು. "ಆಯ್ತು, ಮನೆಗೆ ಹೋಗಿ ಸಾರ್" ಅಂದರು.

ಆದರೆ ಆಗ ಅದು ಗಾಜಿನ ಹಾಗೆ, ಬಿದ್ದರೆ ಚೂರು. ಆ ಗಡಸುತನ ಸ್ವಲ್ಪ ಇಳಿಸಬೇಕು. ಅದಕ್ಕೆ ನಿನ್ನ ಅಮ್ಮನ ಕೇಕಿನ ಓವನ್ನೇ ಗತಿ. 180 ಡಿಗ್ರಿಯಲ್ಲಿ ಎರಡು ಗಂಟೆ, ಆರಿಸಿ ಮತ್ತೆ ಎರಡು ಗಂಟೆ. ಓವನ್ನಿನ ಗುಂಡಿ 180 ಅಂತ ಹೇಳಿದರೆ ಒಳಗಿಟ್ಟ ಥರ್ಮಾಮೀಟರು 210 ಅಂತ ತೋರಿಸುತ್ತೆ. ನಿನ್ನ ಅಮ್ಮನ ಕೇಕು ಇಷ್ಟು ವರ್ಷ ಯಾಕೆ ತಳ ಹಿಡಿಯುತ್ತಿತ್ತು ಅಂತ ಆವತ್ತು ಗೊತ್ತಾಯಿತು. ಹೇಳಿದೆ, ಹೇಳಬಾರದಿತ್ತು. ಎರಡನೇ ಸುತ್ತಿನ ಮಧ್ಯೆ ಕರೆಂಟು ಹೋಯಿತು, ರಾತ್ರಿ ಒಂದೂವರೆಗೆ ಬಂತು, ಎದ್ದು ಮತ್ತೆ ಮೊದಲಿಂದ ಇಟ್ಟೆ. ಬೆಳಿಗ್ಗೆ ಅಲಗು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಬೇಕಾದ್ದು ಅದೇ.

ಸಾಣೆ ಹಿಡಿದದ್ದು, ಉಜ್ಜಿದ್ದು ಎಲ್ಲ ಬಿಡು, ಬರೀ ಬೇಜಾರಿನ ಕೆಲಸ. ಬರಿಗೈಯಲ್ಲಿ ಹಿಡಿದು ಸಾಣೆ ಕೊಡಬೇಕು, ಬೆರಳು ಸುಟ್ಟರೆ ನೀರಿಗೆ ಅದ್ದಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೋ, ಹದ ಹೋಯಿತು ಅಂತಲೇ.

ಹಿಡಿಗೆ ಏನು ಹಾಕುವುದು ಅಂತ ಊರೆಲ್ಲ ಸಲಹೆ ಕೊಟ್ಟಿತು. ಒಬ್ಬರು ಅಟ್ಟದಲ್ಲಿದ್ದ ಕಡವೆ ಕೊಂಬು ಕೊಡುತ್ತೇನೆ ಅಂದರು. 1972ರ ವನ್ಯಜೀವಿ ಕಾಯ್ದೆ ಇದೆ ಸ್ವಾಮಿ, ಮಗಳ ಅಂಗಡಿಗೆ ಫಾರೆಸ್ಟಿನವರನ್ನು ಕಳಿಸೋದು ಬೇಡ ಅಂದೆ. ಬೀಟೆಯೂ ಬೇಡ ಅನಿಸಿತು. ಬಿಳಿ ಕಾಂಡಕೊರಕ ಹುಳ ಹೊಡೆದು ಎರಡು ವರ್ಷದ ಹಿಂದೆ ಕಿತ್ತ ಅರೇಬಿಕಾ ಕಾಫಿ ಗಿಡಗಳ ಬೊಡ್ಡೆ ಸೌದೆ ಮನೆಯಲ್ಲಿ ಬಿದ್ದಿದ್ದವಲ್ಲ, ನೀನು ಚಿಕ್ಕವಳಿದ್ದಾಗ ಹಣ್ಣು ಬಿಡಿಸುತ್ತಿದ್ದ ಕೆಳಗಿನ ಪಟ್ಟೆಯ ಗಿಡಗಳು, ಅದರಲ್ಲೊಂದನ್ನು ಸೀಳಿದೆ. ಒಳಗೆ ಕೆನೆ ಬಣ್ಣ, ಕಲ್ಲಿನಂಥ ಮರ. ಒಂದು ಕಡೆ ಹುಳ ಕೊರೆದ ತೂತು ಇತ್ತು. ಆ ತುಂಡು ಬಿಸಾಡಲು ಹೋದವನು ನಿಲ್ಲಿಸಿದೆ. ಅಜ್ಜಿಯ ಕಾಲುಚೈನು ಒಂದು ತುಂಡಾಗಿ ಬಿದ್ದಿತ್ತಲ್ಲ, ಅದನ್ನು ಅಕ್ಕಸಾಲಿಗರ ಹತ್ತಿರ ಕರಗಿಸಿ ತಂತಿ ಎಳೆಸಿದ್ದೆ. ಹುಳದ ತೂತಿಗೆ ಬೆಳ್ಳಿ ತುಂಬಿಸಿದೆ. ಅಕ್ಕಪಕ್ಕ ಮೂರು ಸಣ್ಣ ಚುಕ್ಕಿ ಇಟ್ಟು ಮೆಣಸಿನ ಗೊನೆ ಮಾಡಿದೆ. ಈಗ ನೋಡಿದವರು ಅಲ್ಲಿ ತೂತಿತ್ತು ಅಂತ ಹೇಳಲ್ಲ. ಅಲಗು ತಿರುಗುವ ಮೊಳೆ ಮಾತ್ರ ಹಿತ್ತಾಳೆಯದು, ಬೆಳ್ಳಿ ಅಷ್ಟು ಗಟ್ಟಿಯಲ್ಲ. ಅದರ ತಲೆಯನ್ನು ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ತಟ್ಟು ತಟ್ಟಿ ಅರಳಿಸಬೇಕು. ಜೋರಾಗಿ ಒಂದು ಏಟು ಬಿದ್ದರೂ ಹಿಡಿ ಸೀಳುತ್ತೆ. ಅವತ್ತು ಕನ್ನಡಕ ಎರಡು ಸಲ ಒರೆಸಿಕೊಂಡೆ.

ಬೆಳ್ಳಿ ಅಂದಾಗ ನೆನಪಾಯಿತು. ಮೈಕೆಲ್ ಫ್ಯಾರಡೆ, ನೀನು ಶಾಲೆಯಲ್ಲಿ ಓದಿದ ಆ ವಿದ್ಯುತ್ತಿನ ಫ್ಯಾರಡೆಯೇ, 1820ರ ಸುಮಾರಿಗೆ ಸ್ಟೋಡಾರ್ಟ್ ಅನ್ನುವವರ ಜೊತೆ ಸೇರಿ ನಮ್ಮ ಕಡೆಯ ಉಕ್ಕಿನ ಗುಟ್ಟು ಹುಡುಕುತ್ತಿದ್ದರಂತೆ. ಅವರು ಅದನ್ನು 'ವೂಟ್ಜ್' ಅನ್ನುತ್ತಿದ್ದರು. ಆ ಮಾತು ನಮ್ಮ 'ಉಕ್ಕು' ಅನ್ನುವುದರಿಂದಲೇ ಬಂದಿದ್ದು ಅಂತಾರೆ. ಉಕ್ಕಿಗೆ ಐನೂರರಲ್ಲಿ ಒಂದು ಪಾಲು ಬೆಳ್ಳಿ ಬೆರೆಸಿಯೂ ನೋಡಿದರು. ಆ ಪ್ರಯೋಗದ ಉಕ್ಕಿನಲ್ಲಿ ರೇಜರ್ ಮಾಡಿಸಿ ಸ್ನೇಹಿತರಿಗೆ ಉಡುಗೊರೆ ಕೊಟ್ಟರಂತೆ. ಇದನ್ನು ಓದಿದ ದಿನ ನನಗೆ ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಅಲಗಿನ ಮೇಲೆ ಏನೂ ಬರೆದಿಲ್ಲ. 'ಕಾಯಕವೇ ಕೈಲಾಸ' ಅಂತ ಕೆತ್ತಿಸೋಣ ಅಂತ ಒಂದು ದಿನ ಅನಿಸಿತ್ತು. ಆಮೇಲೆ ನಗು ಬಂತು. ನಾನು ನಿನಗೆ ಅದನ್ನು ಹೇಳೋದಾ?

ಇನ್ನೊಂದು ವಿಷಯ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಹದಿನೈದು ದಿನಕ್ಕೊಮ್ಮೆ ಒಬ್ಬರು ಬರುತ್ತಿದ್ದರು, ಕಂಕುಳಲ್ಲಿ ಪೆಟ್ಟಿಗೆ ಇಟ್ಟುಕೊಂಡು. ಹಿತ್ತಲಿನ ಹಲಸಿನ ಮರದ ಕೆಳಗೆ ಮನೆಯ ಗಂಡಸರೆಲ್ಲ ಸಾಲಾಗಿ ಕೂರಬೇಕು. ಸುಗ್ಗಿ ಆದ ಮೇಲೆ ಭತ್ತ ಕೊಡುತ್ತಿದ್ದರು, ಕೈಗೆ ದುಡ್ಡು ಅಂತ ಇಲ್ಲ. ಅವರ ಕತ್ತಿ ಮಸೆದು ಮಸೆದು ಅರ್ಧ ಸವೆದಿತ್ತು. ಚರ್ಮದ ಪಟ್ಟಿಯ ಮೇಲೆ ಅದನ್ನು ಹಿಂದೆ ಮುಂದೆ ಎಳೆಯುವ ಸದ್ದು ನನಗೆ ಈಗಲೂ ಕಿವಿಯಲ್ಲಿದೆ, ಸಪ್ ಸಪ್ ಅಂತ. ನನ್ನ ಅಜ್ಜನ ವಯಸ್ಸಿನವರು. ಹತ್ತು ವರ್ಷದ ನಾನು ಅವರನ್ನು ಹೆಸರು ಹಿಡಿದು 'ಬಾರೋ' ಅಂತ ಕರೆಯುತ್ತಿದ್ದೆ. ಅವರಿಗೆ ಕೂರಲು ಒಂದು ಮಣೆ ಕೊಟ್ಟ ನೆನಪಿಲ್ಲ. ಕ್ಷೌರಿಕರು ತಮ್ಮವರೆನ್ನುವ ಶರಣ ಹಡಪದ ಅಪ್ಪಣ್ಣನವರ ವಚನ ಬಾಯಿಪಾಠ ಮಾಡಿಸಿದ ಮನೆಯೇ ಅದು. ಈ ನಾಲ್ಕು ತಿಂಗಳು ಚರ್ಮದ ಪಟ್ಟಿಯ ಮೇಲೆ ಕತ್ತಿ ಎಳೆಯುವಾಗೆಲ್ಲ ಅವರ ಮುಖ ಬರುತ್ತಿತ್ತು.

ಈಗ ಕೆಲಸದ ಮಾತು, ಗಮನ ಇಟ್ಟು ಓದು. ಮಸೆಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಎತ್ತಬೇಡ. ಬೆನ್ನಿನ ದಪ್ಪವೇ ಕೋನ ಹಿಡಿಯುತ್ತೆ, ಸುಮಾರು 16 ಡಿಗ್ರಿ ಬರುವ ಹಾಗೆ ಇಟ್ಟಿದ್ದೇನೆ. ನಾನು 1000ದಿಂದ 12000 ನಂಬರಿನ ಕಲ್ಲಿನ ತನಕ ಹೋಗಿದ್ದೇನೆ, ಸದ್ಯಕ್ಕೆ ಕಲ್ಲು ಬೇಡ, ಚರ್ಮ ಸಾಕು. ಪಟ್ಟಿಯ ಮೇಲೆ ಬೆನ್ನು ಮುಂದೆ, ಬಾಯಿ ಹಿಂದೆ, ತಿರುಗಿಸುವಾಗ ಬೆನ್ನಿನ ಮೇಲೆ ತಿರುಗಿಸು. ಇದು ಸ್ಟೀಲ್ ಪಾತ್ರೆಯಂಥ ಉಕ್ಕಲ್ಲ, ತುಕ್ಕು ಹಿಡಿಯುತ್ತೆ. ಜುಲೈಯಲ್ಲಿ ಒಂದು ರಾತ್ರಿ ಎಣ್ಣೆ ಹಚ್ಚದೆ ಮೇಜಿನ ಮೇಲೆ ಬಿಟ್ಟಿದ್ದೆ, ಬೆಳಿಗ್ಗೆ ಕಂದು ಚುಕ್ಕಿ ಎದ್ದಿತ್ತು, ಎರಡು ದಿನ ಉಜ್ಜಿದೆ. ಮೈಸೂರು ಇಷ್ಟು ಒದ್ದೆ ಇಲ್ಲ, ಆದರೂ ಒರೆಸಿ ಒಂದು ಹನಿ ಎಣ್ಣೆ ಹಚ್ಚಿಡು.

ಗಿರಾಕಿಗಳಿಗೆ ಇದನ್ನು ಬಳಸಬೇಡ. ನೀನು ಮಾಡುವ ಹಾಗೆ ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಹಾಕುವುದೇ ಸರಿ. ಇದನ್ನು ಕುದಿಸೋಕೂ ಆಗಲ್ಲ, ಹಿಡಿ ಹಾಳಾಗುತ್ತೆ. ಗಾಜಿನ ಕಪಾಟಿನಲ್ಲಿ ಇಡು, ಯಾರಾದರೂ ಕೇಳಿದರೆ ಅಪ್ಪ ಮಾಡಿದ್ದು ಅಂತ ಹೇಳು. ಇಲ್ಲಿ ನನ್ನನ್ನು ಕೇಳಿದವರಿಗೆ ನಾನು ಹೇಳಲು ಶುರು ಮಾಡಿದ್ದೇನೆ. ಪಕ್ಕದ ತೋಟದವರು ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ, ಒಡಿಕತ್ತಿ ಜೊತೆ ಇದನ್ನೂ ಪೂಜೆಗೆ ಇಡೋಣ ಅಂದರು. ಇದು ಮಗಳ ಅಂಗಡಿಯದು, ಅಲ್ಲಿ ಆಯುಧಪೂಜೆಗೆ ಬೇಕು ಅಂದೆ. ಅಂದು ನಿಂತೆ, ಅವರೇನೂ ನಗಲಿಲ್ಲ. ಅಂಗಡಿಗೆ ಬಂದರೆ ಮೀಸೆಗೆ ಎಷ್ಟು ತಗೊಳ್ತಾಳೆ ಅಂತ ಕೇಳಿದರು.

ಮೊದಲ ಗಡ್ಡ ಮಾತ್ರ ನನ್ನದು. ದೀಪಾವಳಿಗೆ ಬರುವಾಗ ಕತ್ತಿ ತಗೊಂಡು ಬಾ. ಹಿತ್ತಲಿನ ಹಲಸಿನ ಮರ ಈಗಿಲ್ಲ, ಜಗಲಿಯಲ್ಲಿ ಕೂರುತ್ತೇನೆ, ನಿನಗೆ ಕುರ್ಚಿ ಹಾಕಿಸುತ್ತೇನೆ, ನಿಂತು ಬೆನ್ನು ನೋವು ಅಂತ ಫೋನಲ್ಲಿ ಹೇಳ್ತಿದ್ದೆಯಲ್ಲ. ಎರಡು ವಾರದ ಗಡ್ಡ ಬಿಟ್ಟಿರುತ್ತೇನೆ.

ಆಮೇಲೆ, ನಿನ್ನ ಅಮ್ಮ ಹೇಳಿದ್ದು: ಹರಿತದ ವಸ್ತು ಕೈಯಿಂದ ಕೈಗೆ ಕೊಡಬಾರದು, ಸುಮ್ನೆಯೂ ಕೊಡಬಾರದು, ಸಂಬಂಧ ಕಡಿಯುತ್ತಂತೆ. ತಮ್ಮ ಡಬ್ಬಿಯನ್ನು ಮೇಜಿನ ಮೇಲೆ ಇಡಲಿ, ನೀನು ಅಲ್ಲಿಂದ ಎತ್ತಿಕೋ. ಅವನ ಕೈಯಲ್ಲಿ ನನಗೆ ಒಂದು ರೂಪಾಯಿ ಕೊಟ್ಟು ಕಳಿಸು. ಫೋನ್‌ಪೇ ಮಾಡಿದರೆ ನಡೆಯುತ್ತಾ ಅಂತ ಕೇಳಿದೆ. ನಾಣ್ಯವೇ ಆಗಬೇಕಂತೆ.

ನಿನ್ನ
ಅಪ್ಪ